ಅಜ್ಜಿ ಹೇಳದ ಹೆಸರು, ಝೂನಿಗಳು ಹೇಳದ ಮಾತು

ಫೋಟೊ ತೆಗೆಯುವುದಾದರೆ ಅನುಮತಿ ಚೀಟಿ ಕೊಳ್ಳಬೇಕು ಎಂದರು. ಕೊಂಡೆ. ದುಡ್ಡು ಎಣಿಸಿಕೊಂಡ ಮೇಲೆ ಕೌಂಟರಿನ ಹಿಂದಿದ್ದ ಹೆಂಗಸು, ಏನೇನು ತೆಗೆಯಬಾರದು ಎಂಬುದನ್ನು ನಿಧಾನವಾಗಿ ಒಂದೊಂದಾಗಿ ಹೇಳತೊಡಗಿದರು. ಪೂಜೆಯೋ ಕುಣಿತವೋ ನಡೆಯುತ್ತಿದ್ದರೆ ಕ್ಯಾಮೆರಾ ಚೀಲದಿಂದ ಹೊರಗೆ ಬರುವಂತಿಲ್ಲ. ಜನರನ್ನು ಕೇಳದೆ ತೆಗೆಯುವಂತಿಲ್ಲ. ಧ್ವನಿ ಮುದ್ರಿಸಿಕೊಳ್ಳುವುದಕ್ಕೂ ಚಿತ್ರ ಬರೆದುಕೊಳ್ಳುವುದಕ್ಕೂ ಅದೇ ನಿಯಮ. ಪಟ್ಟಿ ಮುಗಿಯುವ ಹೊತ್ತಿಗೆ, ಹಾಗಾದರೆ ನಾನು ಕೊಂಡದ್ದು ಏನನ್ನು ಎಂಬ ಅನುಮಾನ ನನಗೇ ಬಂತು. ಪಕ್ಕದಲ್ಲಿ ನಿಂತಿದ್ದ ಮಗ ನಗು ತಡೆದುಕೊಂಡು ಬಾಗಿಲ ಕಡೆ ನೋಡುತ್ತಿದ್ದ.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಅರಿಜೋನಾ ಗಡಿಯ ಹತ್ತಿರ ಇರುವ ಮೂಲನಿವಾಸಿಗಳ ಊರು ಝೂನಿ. ಊರಿನ ಹೆಸರೇ ಜನರ ಹೆಸರು, ಭಾಷೆಯ ಹೆಸರೂ ಅದೇ. ಫೀನಿಕ್ಸಿನಲ್ಲಿರುವ ಮಗನ ಮನೆಗೆ ಹೋದವನು, ಐದು ಗಂಟೆ ಕಾರಿನಲ್ಲಿ ಕುಳಿತು ಫೆಬ್ರವರಿ ಕೊನೆಯ ಒಂದು ದಿನ ಅಲ್ಲಿಗೆ ಹೋಗಿದ್ದೆ. ನಿವೃತ್ತಿಯಾದ ಮೇಲೆ ನನಗೆ ಅಂಟಿಕೊಂಡ ಚಟ ಒಂದಿದೆ. ನೆಂಟರಿಲ್ಲದ ಭಾಷೆಗಳು ಎಲ್ಲೆಲ್ಲಿವೆ ಎಂದು ಹುಡುಕುವುದು. ಯುರೋಪಿನ ಬಾಸ್ಕ್, ನಮ್ಮ ದೇಶದ ನಿಹಾಲಿ, ಅದೇ ಸಾಲಿನಲ್ಲಿ ಈ ಝೂನಿ. ಆಡುವವರು ಸುಮಾರು ಒಂಬತ್ತು ಹತ್ತು ಸಾವಿರ ಜನ. ಪಕ್ಕದ ಹೋಪಿಗಳದು ಬೇರೆ ಕುಲದ ಭಾಷೆ, ನವಾಹೋಗಳದು ಮತ್ತೊಂದು, ಅಕೋಮಾ ಲಗೂನಾದವರದು ಇನ್ನೊಂದು. ನೂರಾರು ವರ್ಷ ಒಂದೇ ಬಯಲುಸೀಮೆಯಲ್ಲಿ ಬಾಳಿದವರು, ಬೀಜ, ಬಟ್ಟೆ, ಕುಣಿತ, ದೇವರುಗಳನ್ನೂ ಕೊಟ್ಟು ತೆಗೆದುಕೊಂಡವರು. ಭಾಷೆ ಮಾತ್ರ ಅವರವರದೇ ಆಗಿ ಉಳಿದಿದೆ.

ನೆಂಟರಿಲ್ಲದವರಿಗೆ ನೆಂಟರನ್ನು ಹುಡುಕಿಕೊಡುವ ಉತ್ಸಾಹಿಗಳು ಎಲ್ಲ ಕಾಲದಲ್ಲೂ ಇರುತ್ತಾರೆ. ಝೂನಿ ನಿಘಂಟನ್ನೂ ವ್ಯಾಕರಣವನ್ನೂ ಬರೆದ ಸ್ಟ್ಯಾನ್ಲಿ ನ್ಯೂಮನ್ ಅವರೇ 1964ರಲ್ಲಿ, ಇದು ಕ್ಯಾಲಿಫೋರ್ನಿಯಾದ ಪೆನೂಷಿಯನ್ ಭಾಷೆಗಳ ಬಳಗಕ್ಕೆ ಸೇರಿದ್ದಿರಬಹುದು ಎಂದು ಬರೆದರು. ಹೆಚ್ಚಿನವರು ಒಪ್ಪಲಿಲ್ಲ. ಆಮೇಲೆ ಒಬ್ಬರು ಜಪಾನಿನಿಂದ ಹಡಗು ಹತ್ತಿ ಬಂದವರ ಕತೆ ಕಟ್ಟಿ, ಝೂನಿಗೂ ಜಪಾನಿ ಭಾಷೆಗೂ ಗಂಟು ಹಾಕಿದರು. ಅದನ್ನು ಭಾಷಾಶಾಸ್ತ್ರಜ್ಞರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಓದಿ ನಗು ಬಂತು, ಏಕೆಂದರೆ ಜಪಾನಿನ ಸುಸುಮು ಓನೊ ತಮಿಳಿಗೂ ಜಪಾನಿಗೂ ಸಂಬಂಧ ಹೇಳಿದ್ದರು. ಆ ಲೆಕ್ಕ, ಈ ಲೆಕ್ಕ ಎರಡನ್ನೂ ಕೂಡಿದರೆ ಕನ್ನಡಕ್ಕೂ ಝೂನಿಗೂ ದೂರದ ಸೋದರಿಕೆ ಬಂದುಬಿಡುತ್ತದೆ! ಗ್ರೀಕ್ ಪ್ರಹಸನವೊಂದರ ಅರ್ಥವಾಗದ ಸಾಲುಗಳಲ್ಲಿ ಕನ್ನಡ ಹುಡುಕಿದ ನಾವು ಈ ಚಪಲಕ್ಕೆ ಬೇರೆಯವರನ್ನು ಆಡಿಕೊಳ್ಳುವ ಹಾಗಿಲ್ಲ.

ಊರನ್ನು ಸಮೀಪಿಸುವಾಗ ಮೊದಲು ಕಾಣುವುದು ಊರಲ್ಲ, ಬೆಟ್ಟ. ದೊವ ಯಲನ್ನೆ, ಎಂದರೆ ಮೆಕ್ಕೆಜೋಳದ ಬೆಟ್ಟ. ನೆತ್ತಿಯನ್ನು ಯಾರೋ ಕತ್ತಿಯಿಂದ ಸಪಾಟಾಗಿ ಕೊಯ್ದಂತಿರುವ ಕೆಂಪು ಬಿಳಿ ಪಟ್ಟೆಯ ಮರಳುಗಲ್ಲು. ಒಂದು ಕಾಲದಲ್ಲಿ ನೆರೆ ಬಂದು ಊರಿಗೆ ಊರೇ ಈ ಬೆಟ್ಟ ಹತ್ತಿತಂತೆ. ನೀರು ಏರುತ್ತಲೇ ಇತ್ತು. ಕೊನೆಗೆ ಪೂಜಾರಿಯ ಮಗ ಮತ್ತು ಮಗಳನ್ನು ಅಲಂಕರಿಸಿ ನೀರಿಗೆ ಬಿಟ್ಟರು, ನೀರು ಇಳಿಯಿತು. ಆ ಮಕ್ಕಳು ಬೆಟ್ಟದ ಬದಿಯಲ್ಲಿ ಇಂದಿಗೂ ಕಲ್ಲಿನ ಕಂಬಗಳಾಗಿ ನಿಂತಿದ್ದಾರೆ. ನಮ್ಮ ಕಡೆ ಕೆರೆಗೆ ನೀರು ಬರಲಿ ಎಂದು ಸೊಸೆಯನ್ನು ಕೊಟ್ಟ ಕತೆಗಳಿವೆ. ಅಲ್ಲಿ ನೀರು ಹೋಗಲಿ ಎಂದು ಮಕ್ಕಳನ್ನು ಕೊಟ್ಟರು. ಇದೇ ಬೆಟ್ಟ ಚರಿತ್ರೆಯಲ್ಲೂ ಅವರನ್ನು ಕಾದಿದೆ. 1540ರಲ್ಲಿ ಚಿನ್ನದ ಏಳು ನಗರಗಳನ್ನು ಹುಡುಕುತ್ತ ಬಂದ ಸ್ಪ್ಯಾನಿಷ್ ದಂಡನಾಯಕ ಕೊರೊನಾಡೊ, ಇವರ ಹವಿಕ್ಕು ಎಂಬ ಊರಿನ ಮೇಲೆ ಬಿದ್ದ. ಸಿಕ್ಕಿದ್ದು ಚಿನ್ನವಲ್ಲ, ಮೆಕ್ಕೆಜೋಳ ಮತ್ತು ಬೀನ್ಸ್ ಕಾಳು. 1680ರಲ್ಲಿ ಪ್ಯೂಬ್ಲೊ ಎಂದು ಕರೆಯುವ ಮೂಲನಿವಾಸಿಗಳ ಊರುಗಳೆಲ್ಲ ಒಟ್ಟಾಗಿ ಸ್ಪ್ಯಾನಿಷರ ವಿರುದ್ಧ ಎದ್ದಾಗ ಝೂನಿಗಳು ಮತ್ತೆ ಈ ಬೆಟ್ಟದ ಮೇಲೆ ಹೋಗಿ ಕುಳಿತರು. ಹನ್ನೆರಡು ವರ್ಷ ಇಳಿಯಲಿಲ್ಲ.

ಊರಿಗೆ ಅವರು ಇಟ್ಟುಕೊಂಡ ಹೆಸರು ಹಲೊನ ಇದಿವನ. ಇದಿವನ ಎಂದರೆ ನಡು. ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಒಳಗೆ ಭೂಮಿಯಿಂದ ಮೇಲೆ ಬಂದ ಪೂರ್ವಿಕರು, ಲೋಕದ ನಟ್ಟನಡು ಎಲ್ಲಿದೆ ಎಂದು ಹುಡುಕುತ್ತ ತಲೆಮಾರುಗಳ ಕಾಲ ನಡೆದರು. ಕೊನೆಗೆ ಅಳತೆ ಮಾಡಿಕೊಟ್ಟದ್ದು ನೀರಿನ ಮೇಲೆ ಓಡಾಡುವ ಒಂದು ಹುಳು. ಕೆರೆ ಹೊಂಡಗಳ ಮೇಲೆ ಮುಳುಗದೆ ಸರಿದಾಡುವ ಉದ್ದ ಕಾಲಿನ ಆ ಹುಳುವನ್ನು ನೀವೂ ನೋಡಿರುತ್ತೀರಿ. ಅದು ಕಾಲುಗಳನ್ನು ಲೋಕದ ನಾಲ್ಕೂ ಕಡೆಯ ಸಮುದ್ರಗಳಿಗೆ ಚಾಚಿತು, ಅದರ ಎದೆ ತಾಗಿದ ಜಾಗವೇ ನಡು ಎಂದು ಗೊತ್ತುಮಾಡಿದರು. ಸಮುದ್ರದಿಂದ ಅಷ್ಟು ದೂರ, ವರ್ಷದ ಹೆಚ್ಚಿನ ದಿನ ಹೊಳೆಯೇ ಒಣಗಿರುವ ನೆಲದಲ್ಲಿ, ನೀರಿನ ಹುಳುವಿನ ಎದೆಯ ಕೆಳಗೆ ಕಟ್ಟಿದ ಊರು.

ನೀರಿನ ಬೆಲೆ ಗೊತ್ತಿರುವುದು ಅವರ ಕೈತೋಟಗಳಲ್ಲಿ ಕಾಣುತ್ತದೆ. ನಮ್ಮಲ್ಲಿ ತೆಂಗಿಗೋ ಬಾಳೆಗೋ ಪಾತಿ ಮಾಡುತ್ತೇವಲ್ಲ, ಅಂಥದ್ದೇ. ಆದರೆ ಮೊಣಕೈ ಉದ್ದದ ಚಿಕ್ಕ ಚಿಕ್ಕ ಚೌಕಗಳು, ಒಂದಕ್ಕೊಂದು ಅಂಟಿಕೊಂಡು ಜೇನುಹುಟ್ಟಿನ ಹಾಗೆ. ಸುತ್ತ ಕೈಯಲ್ಲಿ ತಟ್ಟಿ ಎಬ್ಬಿಸಿದ ಮಣ್ಣಿನ ಗೋಡೆ. ಒಳಗಿನ ನೆಲ ಸ್ವಲ್ಪ ತಗ್ಗು. ಕೊಡದಿಂದ ಸುರಿದ ನೀರು ಅತ್ತಿತ್ತ ಹರಿಯದೆ ಬೇರಿಗೇ ಇಳಿಯಬೇಕು, ಗಾಳಿ ಎಳೆಯ ಸಸಿಯನ್ನು ಒಣಗಿಸಬಾರದು. ಮೊದಲಿನಿಂದಲೂ ಇದು ಹೆಂಗಸರ ತೋಟ. ನಾನು ಹೋದಾಗ ಚಳಿ, ಪಾತಿಗಳೆಲ್ಲ ಬರಿದಾಗಿದ್ದವು. ಅಂಗಳಗಳಲ್ಲಿ ಜೇನುಗೂಡಿನ ಆಕಾರದ ಮಣ್ಣಿನ ಒಲೆಗಳಿದ್ದವು. ಒಂದರಿಂದ ಆಗತಾನೆ ತೆಗೆದ ಹುಳಿಹಿಟ್ಟಿನ ಬ್ರೆಡ್ಡನ್ನು ಮನೆಯ ಬಾಗಿಲಲ್ಲೇ ಮಾರುತ್ತಿದ್ದರು. ಕೈ ಸುಡುವಷ್ಟು ಬಿಸಿ, ತಳದಲ್ಲಿ ಸ್ವಲ್ಪ ಬೂದಿ. ಅದನ್ನು ಒರೆಸಿಕೊಂಡು ಕಾರಿನ ಬಾನೆಟ್ಟಿಗೆ ಒರಗಿ ಅರ್ಧ ಮುಗಿಸಿದೆವು. ಚಟ್ನಿಪುಡಿ ತರಬೇಕಿತ್ತು ಎಂದ ಮಗ.

ಇನ್ನು ಹೆಸರಿನ ವಿಷಯ. ಝೂನಿ ಎಂಬುದು ಅವರು ಇಟ್ಟುಕೊಂಡ ಹೆಸರಲ್ಲ. ಪಕ್ಕದ ಕೆರೆಸ್ ಭಾಷೆಯವರು ಇವರನ್ನು ಕರೆಯುತ್ತಿದ್ದ ಹೆಸರು ಸ್ಪ್ಯಾನಿಷರ ನಾಲಿಗೆಯ ಮೇಲೆ ಹೊರಳಿ ಹೀಗಾಯಿತು. ಹೊರಗಿನವರು ಕೊಟ್ಟ ಹೆಸರು ಎಷ್ಟು ಗಟ್ಟಿ ಎನ್ನುವುದು ನಮಗೆ ಗೊತ್ತು, ಪೋರ್ಚುಗೀಸರ ಕೆನರಾ ಇಂದಿಗೂ ಬ್ಯಾಂಕಿನ ಬೋರ್ಡಿನ ಮೇಲಿದೆ. ತಮ್ಮನ್ನು ಅವರು ಕರೆದುಕೊಳ್ಳುವುದು ಆಶಿವಿ ಎಂದು. ಒಬ್ಬನಾದರೆ ಶಿವಿ, ಹಲವರಾದರೆ ಮುಂದೆ ದೀರ್ಘ ಆಕಾರ ಸೇರಿ ಆಶಿವಿ. ಭಾಷೆ ಶಿವಿಮ. ತಮಾಷೆಯೆಂದರೆ, ಝೂನಿ ಎನ್ನುವುದರ ಮೊದಲ ಸದ್ದೇ ಆ ಭಾಷೆಯಲ್ಲಿಲ್ಲ. ಕನ್ನಡದಲ್ಲೂ ಇಲ್ಲ. ಹೀಗಾಗಿ ಅವರು ಇಟ್ಟುಕೊಳ್ಳದ ಹೆಸರನ್ನು, ಅವರಿಗೂ ನನಗೂ ಇಬ್ಬರಿಗೂ ಇಲ್ಲದ ಸದ್ದಿನಿಂದ ಬರೆಯುತ್ತಿದ್ದೇನೆ. ಉಳಿದ ವಿಷಯದಲ್ಲಿ ಕನ್ನಡದ ಕಿವಿಗೆ ಅದು ತೀರ ಅಪರಿಚಿತವಲ್ಲ. ಹ್ರಸ್ವ ದೀರ್ಘ ಸ್ವರಗಳಿವೆ, ನಮ್ಮ ದ್ವಿತ್ವದ ಹಾಗೆ ಒತ್ತಿ ಹೇಳುವ ವ್ಯಂಜನಗಳಿವೆ, ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ನಾನು ಎನ್ನುವುದಕ್ಕೆ ಹೊ, ನೀನು ಎನ್ನುವುದಕ್ಕೆ ದೊ. ಸಂಸ್ಕೃತದ ದ್ವಿವಚನದಂತೆ ಇಬ್ಬರ ಲೆಕ್ಕ ಬೇರೆ, ಮೂವರಿಂದಾಚೆಗೆ ಬೇರೆ. ನನಗೆ ಬಾರದ್ದು ಒಂದು ಬಗೆಯ ಲಕಾರ. ನಾಲಿಗೆಯನ್ನು ಲ ಎನ್ನುವ ಜಾಗದಲ್ಲಿಟ್ಟು, ಗಂಟಲಿನ ಸದ್ದಿಲ್ಲದೆ, ಎರಡೂ ಬದಿಯಿಂದ ಬರಿಯ ಉಸಿರು ಬಿಡಬೇಕು. ಕಾರಿನಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿದೆ. ಟೈರಿನಿಂದ ಗಾಳಿ ಹೋಗುತ್ತಿದೆಯೋ ಎಂದು ಮಗ ಗಾಬರಿಯಾದ.

ಆ ಭಾಷೆಯಲ್ಲಿ ರಕಾರವೂ ಇಲ್ಲ. ಆದ್ದರಿಂದ ಅಮೆರಿಕ ಎನ್ನುವುದು ಅವರ ಬಾಯಲ್ಲಿ ಮೆಲಿಕ ಆಯಿತು, ಬಿಳಿಯರನ್ನು ಕರೆಯುವ ಹೆಸರೂ ಅದೇ. ಮನೆಯಲ್ಲಿ, ಅಂಗಡಿಯಲ್ಲಿ, ಬೀದಿಯಲ್ಲಿ ಮೆಲಿಕ ಎನ್ನಬಹುದು. ಕೀವಾ ಎಂಬ ಪೂಜೆಯ ಕೋಣೆಯೊಳಗೆ ಅನ್ನುವಂತಿಲ್ಲ, ಎರವಲು ಪದಕ್ಕೆ ಅಲ್ಲಿ ಪ್ರವೇಶವಿಲ್ಲ. ಕೀವಾದಲ್ಲಿ ಆ ಪದವನ್ನು ಆಡಿದರೆ ರೇಡಿಯೊ ಹಿಡಿದುಕೊಂಡು ಗರ್ಭಗುಡಿಗೆ ಹೊಕ್ಕ ಹಾಗೆ. ನ್ಯೂಮನ್ 1955ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಎರವಲು ಮಾತ್ರವಲ್ಲ, ದಿನದ ಬಳಕೆಯ ಅಚ್ಚ ಝೂನಿ ಪದಗಳೂ ಕೆಲವು ಬಾಗಿಲ ಹೊರಗೇ ನಿಲ್ಲಬೇಕು. ಕಪ್ಪೆಗೆ ದಿನದ ಮಾತಿನಲ್ಲಿ ತಕ್ಕ ಎನ್ನುತ್ತಾರೆ. ಪೂಜೆಯ ಹೊತ್ತಿನಲ್ಲಿ ತಕ್ಕ ಎಂಬ ಪದ ತಕ್ಕದ್ದಲ್ಲ. ಅದಕ್ಕೆ ಬೇರೆಯೇ ಒಂದು ಉದ್ದನೆಯ ಮಾತಿದೆ.

ಇದನ್ನು ಓದಿದಾಗ ನನಗೆ ಅಜ್ಜಿ ನೆನಪಾಗದೆ ಇರಲು ಸಾಧ್ಯವೇ ಇರಲಿಲ್ಲ. ಅಜ್ಜನ ಹೆಸರು ತಿಮ್ಮಪ್ಪ. ಅಜ್ಜಿ ಆ ಹೆಸರನ್ನು ಬದುಕಿರುವವರೆಗೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳದಿದ್ದರೆ ಹೋಗಲಿ, ಆ ಹೆಸರಿನ ನೆರಳು ಬಿದ್ದ ಮಾತುಗಳೆಲ್ಲ ಅವರ ಬಾಯಿಂದ ದೂರವಾಗಿದ್ದವು. ತಿರುಪತಿಯ ತಿಮ್ಮಪ್ಪ ಅವರಿಗೆ ಏಳು ಬೆಟ್ಟದವನು. ತಿಪಟೂರಿನ ಸಂತೆಯಲ್ಲಿ ಬಳೆ ಮಾರುತ್ತಿದ್ದ ತಿಮ್ಮಕ್ಕ ಅವರಿಗೆ ಬಳೆಯವಳು. ಪಕ್ಕದ ಮನೆಯ ಹುಡುಗ ತಿಮ್ಮೇಗೌಡ, ಆ ಗೌಡರ ಹುಡುಗ. ಜನಗಣತಿಯವರು ಬಂದು ಯಜಮಾನರ ಹೆಸರೇನಮ್ಮ ಎಂದು ಕೇಳಿದಾಗ, ಅಜ್ಜಿ ಸೆರಗನ್ನು ಬಾಯಿಗೆ ಹಿಡಿದು ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ಬೆರಳು ಮಾಡಿದರು. ಅಲ್ಲಿ ನಾಮ ಹಾಕಿಕೊಂಡು ವೆಂಕಟರಮಣ ನಿಂತಿದ್ದ. ಮೇಷ್ಟ್ರು ವೆಂಕಟರಮಣ ಎಂದೇ ಬರೆದುಕೊಂಡು ಹೋದರು. ಸಂಜೆ ಅಜ್ಜ ಗದ್ದೆಯಿಂದ ಬಂದವರು ವಿಷಯ ತಿಳಿದು ಶಾಲೆಯವರೆಗೆ ಹೋಗಿ ತಿದ್ದಿಸಿಕೊಂಡು ಬರಬೇಕಾಯಿತು.

ಮಕ್ಕಳಾದ ನಮಗೆ ಇದೊಂದು ಆಟವಾಗಿತ್ತು. ಹೇಗಾದರೂ ಮಾಡಿ ಅಜ್ಜಿಯ ಬಾಯಿಂದ ಆ ಹೆಸರು ಹೊರಡಿಸಬೇಕು. ಮಂಕುತಿಮ್ಮ ಯಾರು ಹೇಳು ಅಜ್ಜಿ, ಕೋಡಂಗಿಗೆ ಇನ್ನೊಂದು ಹೆಸರೇನು ಹೇಳು, ತಿ ಆದ ಮೇಲೆ ಮ್ಮ ಬಂದರೆ ಏನಾಗುತ್ತದೆ ಓದು. ಅಜ್ಜಿ ಬೀಳಲಿಲ್ಲ. ಒಂದು ದಿನವೂ ಸಿಟ್ಟಾಗಲಿಲ್ಲ, ಒಂದು ದಿನವೂ ಹೇಳಲಿಲ್ಲ. ಹುರಿಗಡಲೆ ಬೇಕಾ ಎಂದು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು, ಅಲ್ಲಿಗೆ ಆಟ ಮುಗಿಯುತ್ತಿತ್ತು.

ಝೂನಿಗಳಲ್ಲಿ ದೊಡ್ಡವರ ಹೆಸರು ಹೀಗೆಯೇ. ಹೆಸರು ಧಾರ್ಮಿಕವಾದದ್ದು, ಆ ಮನುಷ್ಯನ ಒಳಗಿನದು, ಬೀದಿಯಲ್ಲಿ ಕೂಗುವುದಲ್ಲ. ಆದ್ದರಿಂದ ಇಂಥ ಮಗುವಿನ ಅಪ್ಪ, ಇಂಥವಳ ತಾಯಿ ಎಂದು ಮಕ್ಕಳ ಮೂಲಕ ಕರೆಯುತ್ತಾರೆ. ಪುಟ್ಟನ ಅಪ್ಪ, ಗಿರಿಜೆಯ ಅಮ್ಮ ಎಂದು ಕೇಳಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಮಾತ್ರ ಅದು ಹೆಂಡತಿಯೊಬ್ಬಳ ಮೇಲೆ ಬಿದ್ದ ಕಟ್ಟು, ಗಂಡನಿಗೆ ಲಾಗೂ ಇರಲಿಲ್ಲ. ಅಜ್ಜ ಅಜ್ಜಿಯ ಹೆಸರನ್ನು ಕಣದಿಂದಲೇ ಕೂಗುತ್ತಿದ್ದರು.

ಬಣ್ಣದ ಪ್ರಯೋಗದ ಬಗ್ಗೆ ಬರೆಯದಿದ್ದರೆ ಭಾಷೆಯ ಕತೆ ಅರ್ಧವಾಗುತ್ತದೆ, ಪಠ್ಯಪುಸ್ತಕಗಳಲ್ಲಿ ಝೂನಿ ಬರುವುದೇ ಅದರಿಂದ. ಆ ಭಾಷೆಯಲ್ಲಿ ಹಳದಿಗೂ ಕಿತ್ತಳೆ ಬಣ್ಣಕ್ಕೂ ಒಂದೇ ಪದ. ಲೆನೆಬರ್ಗ್ ಮತ್ತು ರಾಬರ್ಟ್ಸ್ ಎಂಬ ಇಬ್ಬರು 1956ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಣ್ಣದ ಚೀಟಿಯೊಂದನ್ನು ತೋರಿಸಿ, ಸ್ವಲ್ಪ ಹೊತ್ತಿನ ಮೇಲೆ ಹಲವು ಚೀಟಿಗಳ ನಡುವೆ ಅದನ್ನು ಗುರುತಿಸಲು ಹೇಳಿದರು. ಝೂನಿ ಮಾತ್ರ ಬಲ್ಲವರು ಹಳದಿ ಕಿತ್ತಳೆಗಳಲ್ಲಿ ಆಗಾಗ ತಪ್ಪಿದರು. ಇಂಗ್ಲಿಷ್ ಮಾತ್ರ ಬಲ್ಲವರು ಆ ತಪ್ಪು ಮಾಡಲಿಲ್ಲ. ಎರಡೂ ಬಲ್ಲ ಝೂನಿಗಳು ನಡುವೆ ನಿಂತರು. ಭಾಷೆಯೇ ಕಣ್ಣು ಎನ್ನುವ ವಾದದವರಿಗೆ ಹಬ್ಬ. ಆದರೆ ತಪ್ಪಿದ್ದು ಕಣ್ಣಲ್ಲ, ನೆನಪು. ಎದುರಿಗೆ ಇಟ್ಟರೆ ಯಾರಿಗೂ ವ್ಯತ್ಯಾಸ ಕಾಣುತ್ತದೆ. ನನ್ನ ಬಾಲ್ಯದ ಕನ್ನಡದಲ್ಲೂ ಕಿತ್ತಳೆ ಒಂದು ಹಣ್ಣು, ಬಣ್ಣವಲ್ಲ. ಕಾವಿ ಇತ್ತು, ಕೇಸರಿ ಇತ್ತು, ಎರಡೂ ಬಟ್ಟೆಗೆ ಬಾವುಟಕ್ಕೆ ಮೀಸಲು. ಚೆಂಡುಹೂವಿನ ಎರಡು ಬಗೆಗೂ ನಮ್ಮ ಮನೆಯಲ್ಲಿ ಹಳದಿ ಎಂದೇ ಹೇಳುತ್ತಿದ್ದರು.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ, ಅದನ್ನು ಪಠ್ಯಪುಸ್ತಕಗಳು ಬಿಟ್ಟುಬಿಡುತ್ತವೆ. ಹಳದಿಗೆ ಝೂನಿಯಲ್ಲಿ ಇನ್ನೊಂದು ಪದವೂ ಇದೆ. ಮೊದಲನೆಯದು ಅಂಗಿ, ಬಣ್ಣದ ಡಬ್ಬಿ, ಪರಾಗ ಯಾವುದಕ್ಕೂ ಸಲ್ಲುತ್ತದೆ. ಎರಡನೆಯದು ಮಾಗಿ, ವಯಸ್ಸಾಗಿ ಹಳದಿಗೆ ತಿರುಗಿದ್ದಕ್ಕೆ ಮಾತ್ರ. ಇಂಗ್ಲಿಷಿನವರಿಗೆ ಇದು ವಿಚಿತ್ರವಾಗಿ ಕಂಡಿದ್ದರೆ ಕಾಣಲಿ. ಎಲೆ ಹಣ್ಣಾಯಿತು ಎನ್ನುವವರು ನಾವು. ಅಂಗಡಿಯಿಂದ ತಂದ ಹಳದಿ ಸೀರೆಯನ್ನು ಯಾರಾದರೂ ಹಣ್ಣಾದ ಸೀರೆ ಎಂದಾರೆಯೇ? ಬಣ್ಣ ಬಂದದ್ದಕ್ಕೂ ಬಣ್ಣ ಬಳಿದದ್ದಕ್ಕೂ ಇರುವ ಅಂತರ ಎರಡೂ ಭಾಷೆಗಳಿಗೆ ಮುಖ್ಯ ಅನ್ನಿಸಿದೆ.

ಕತೆ ಹೇಳುವುದಕ್ಕೂ ಅಲ್ಲಿ ಕಟ್ಟಳೆಯಿದೆ. ತೆಲಪ್ನಾವೆ ಎಂಬ ಬಗೆಯ ಕತೆಗಳನ್ನು ಚಳಿಗಾಲದಲ್ಲಿ, ಅದೂ ರಾತ್ರಿಯೇ ಹೇಳಬೇಕು. ಬೇಸಗೆಯಲ್ಲಿ ಹೇಳಿದರೆ ಹಾವಿನ ಭಯ. ಹಗಲಲ್ಲಿ ಹೇಳಿದರೆ ಹೊತ್ತು ಬೇಗ ಮುಳುಗುತ್ತದೆ. ಹೇಳುವವನು ಸೊನಾಹ್ಚಿ ಎಂದು ಶುರುಮಾಡಿದ ಕೂಡಲೇ ಕೇಳುವವರು ಏಏಸೊ ಎನ್ನಬೇಕು. ಅವರು ಏಸೊ ಅನ್ನದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ. ನಮ್ಮ ಹೂಂಗುಟ್ಟುವುದಕ್ಕೆ ಇದಕ್ಕಿಂತ ಹತ್ತಿರದ ಅಣ್ಣತಮ್ಮ ನಾನು ಬೇರೆಲ್ಲೂ ಕಂಡಿಲ್ಲ. ಹೂಂ ನಿಂತರೆ ಅಜ್ಜಿಯೂ ಕತೆ ನಿಲ್ಲಿಸುತ್ತಿದ್ದರು. ಮೊಮ್ಮಗ ಮಲಗಿದ ಎಂದು ಲೆಕ್ಕ. 1960ರ ದಶಕದಲ್ಲಿ ಡೆನಿಸ್ ಟೆಡ್‌ಲಾಕ್ ಎಂಬ ವಿದ್ವಾಂಸ ಈ ಕತೆಗಳನ್ನು ಟೇಪಿನಲ್ಲಿ ಹಿಡಿದು, ಬರೆಯುವಾಗ ಒಂದು ಒಳ್ಳೆಯ ಕೆಲಸ ಮಾಡಿದರು. ಅದುವರೆಗೆ ಎಲ್ಲರೂ ಇಂಥ ಕತೆಗಳನ್ನು ವರದಿಯ ಹಾಗೆ ಗದ್ಯದಲ್ಲಿ ತುಂಬಿಡುತ್ತಿದ್ದರು. ಇವರು ಹೇಳುವವನು ಉಸಿರು ನಿಲ್ಲಿಸಿದ ಕಡೆಯಲ್ಲೆಲ್ಲ ಸಾಲು ಮುರಿದರು. ದನಿ ಎತ್ತಿದ ಕಡೆ ದೊಡ್ಡ ಅಕ್ಷರ, ತಗ್ಗಿಸಿದ ಕಡೆ ಚಿಕ್ಕ ಅಕ್ಷರ, ಸ್ವರ ಎಳೆದ ಕಡೆ ಉದ್ದನೆಯ ಗೆರೆ. ಓದುವಾಗ ಮೌನ ಎಷ್ಟು ಹೊತ್ತಿನದು ಎನ್ನುವುದೂ ಕಾಣುತ್ತದೆ. ನಾನು ಅದನ್ನು ಓದಿದ್ದು ಮೇ ತಿಂಗಳ ಮಟಮಟ ಮಧ್ಯಾಹ್ನ. ಹಾವು ಬರಲಿಲ್ಲ. ಆದರೂ ಮಂಚದ ಕೆಳಗೆ ಒಮ್ಮೆ ನೋಡಿದ್ದು ನಿಜ.

ಹೇಳಬಾರದ್ದನ್ನು ಹೇಳಿಸುವ ಆಟ ಆಡಲು ಬಂದವರಲ್ಲಿ ನಾನು ಮೊದಲನೆಯವನೂ ಅಲ್ಲ, ಕೊನೆಯವನೂ ಅಲ್ಲ. 1879ರಲ್ಲಿ ಮ್ಯೂಸಿಯಂ ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಯ ತಂಡದ ಜೊತೆ ಫ್ರ್ಯಾಂಕ್ ಕುಶಿಂಗ್ ಎಂಬ ಇಪ್ಪತ್ತೆರಡು ವರ್ಷದ ಹುಡುಗ ಬಂದ. ತಂಡದವರು ಮುಂದಕ್ಕೆ ಹೋದರೂ ಇವನು ಮುಖಂಡನ ಮನೆಗೆ ನುಗ್ಗಿ ಅಲ್ಲೇ ಉಳಿದ. ನಾಲ್ಕೂವರೆ ವರ್ಷ. ಭಾಷೆ ಕಲಿತ, ಅವರ ಬಟ್ಟೆ ತೊಟ್ಟ, ಕಿವಿ ಚುಚ್ಚಿಸಿಕೊಂಡ, ಬಿಲ್ಲಿನ ಪೂಜಾರಿಗಳ ಸಂಘಕ್ಕೆ ದೀಕ್ಷೆ ಪಡೆದ. ಪೂಜೆಯ ಹೊತ್ತಿನಲ್ಲಿ ಚಿತ್ರ ಬರೆದುಕೊಳ್ಳಲು ಹೋಗಿ ಅವರನ್ನು ಕೆರಳಿಸಿದ್ದೂ ಉಂಟು. ಅನುಮತಿ ಚೀಟಿ ಕೊಟ್ಟ ಹೆಂಗಸಿನ ಉದ್ದ ಪಟ್ಟಿಯ ಮೊದಲ ಸಾಲು ಅಲ್ಲೇ ಶುರುವಾಯಿತೇನೋ. ಕುಶಿಂಗ್ ಮಾಡಿದ್ದರಲ್ಲಿ ನನಗೆ ಇಷ್ಟವಾದದ್ದು ಒಂದಿದೆ. 1882ರಲ್ಲಿ ಕೆಲವು ಹಿರಿಯರನ್ನು ರೈಲಿನಲ್ಲಿ ಪೂರ್ವ ಕರಾವಳಿಗೆ ಕರೆದುಕೊಂಡು ಹೋದ. ಅವರಿಗೆ ನಗರಗಳಿಗಿಂತ ಮುಖ್ಯವಾಗಿ ಬೇಕಿದ್ದದ್ದು ಸೂರ್ಯ ಹುಟ್ಟುವ ದಿಕ್ಕಿನ ಸಮುದ್ರದ ನೀರು. ಬಾಸ್ಟನ್ ಬಂದರಿನ ದ್ವೀಪವೊಂದರ ದಡದಲ್ಲಿ, ಮಾರ್ಚ್ ತಿಂಗಳ ಚಳಿಯಲ್ಲಿ ಅಲೆಗೆ ಇಳಿದು ನಿಂತು, ಮಂತ್ರ ಹೇಳಿ, ಪಾತ್ರೆಗಳಲ್ಲಿ ನೀರು ತುಂಬಿಕೊಂಡು ಊರಿಗೆ ಒಯ್ದರು. ನಮ್ಮ ಮನೆಯ ದೇವರ ಗೂಡಿನಲ್ಲಿ ಬೆಸುಗೆ ಹಾಕಿದ ಕಾಶಿಯ ಗಂಗೆ ತಂಬಿಗೆ ಇತ್ತು. 

ಕುಶಿಂಗ್ ಹಿಂದೆ ಬಂದವರು ಮಾತುಗಳನ್ನಷ್ಟೇ ಒಯ್ಯಲಿಲ್ಲ. ಪ್ರತಿ ವರ್ಷ ಚಳಿಗಾಲದ ಸಂಕ್ರಮಣದಲ್ಲಿ ಝೂನಿಗಳು ಅಹಯುದ ಎಂಬ ಅವಳಿ ದೇವರನ್ನು ಮರದಲ್ಲಿ ಕೆತ್ತುತ್ತಾರೆ. ಅಣ್ಣನನ್ನು ಕೆತ್ತುವುದು ಜಿಂಕೆ ಕುಲದವರು, ತಮ್ಮನನ್ನು ಕರಡಿ ಕುಲದವರು. ಕೆತ್ತಿದ ಮೇಲೆ ಊರ ಸುತ್ತಿನ ಬೆಟ್ಟಗಳ ಬಯಲು ಗುಡಿಗಳಲ್ಲಿ ನಿಲ್ಲಿಸಿ ಬಿಡುತ್ತಾರೆ. ಬಿಸಿಲು, ಮಳೆ, ಹಿಮ ತಿಂದು ಅದು ನಿಧಾನಕ್ಕೆ ಮಣ್ಣಾಗಬೇಕು. ಮಣ್ಣಾಗುವುದೇ ಅದರ ಕೆಲಸ. ಹಾಗೆ ನಿಂತಿದ್ದನ್ನು ಸಂಗ್ರಹಕಾರರು ಬಿಟ್ಟು ಹೋದ ಹಳೆಯ ಗೊಂಬೆ ಎಂದುಕೊಂಡು, ಅಥವಾ ಹಾಗೆ ಅಂದುಕೊಂಡಂತೆ ನಟಿಸಿ, ಎತ್ತಿಕೊಂಡು ಹೋದರು. ಮ್ಯೂಸಿಯಮ್ಮುಗಳಲ್ಲಿ ತೇವವಿಲ್ಲದ, ಹುಳು ಹಿಡಿಯದ ಗಾಜಿನ ಪೆಟ್ಟಿಗೆಗಳಲ್ಲಿ ಅವು ಕೆಡದೆ ನಿಂತವು. ಕೆಡದೆ ನಿಂತದ್ದೇ ಝೂನಿಗಳಿಗೆ ಸಂಕಟ. 1978ರಿಂದ ಅವರು ಕೇಳಲು ಶುರುಮಾಡಿದರು. ವಾದ ಸರಳವಾಗಿತ್ತು. ಇದು ಊರಿನ ಸ್ವತ್ತು, ಒಬ್ಬರು ಮಾರಲು ಬರುವುದಿಲ್ಲ, ಆದ್ದರಿಂದ ಊರ ಹೊರಗೆ ಇರುವುದೆಲ್ಲ ಕದ್ದದ್ದೇ. 1980ರಲ್ಲಿ ಡೆನ್ವರ್ ಕಲಾ ಮ್ಯೂಸಿಯಂ ಕೊಟ್ಟಿತು, 1987ರಲ್ಲಿ ಸ್ಮಿತ್ಸೋನಿಯನ್ ಕೊಟ್ಟಿತು. ಇಂಥ ವಸ್ತುಗಳನ್ನು ಹಿಂದಿರುಗಿಸಬೇಕು ಎಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1990ರಲ್ಲಿ. 1992ರ ಹೊತ್ತಿಗೆ 69 ಅಹಯುದಗಳು ಊರು ಸೇರಿದ್ದವು. ಮರಳಿ ಬಂದದ್ದನ್ನು ಇಟ್ಟಿರುವುದು ಕಳ್ಳರು ಹೊಗಲಾಗದ, ಆದರೆ ಮೇಲೆ ಚಾವಣಿಯಿಲ್ಲದ ಆವರಣದಲ್ಲಿ. ಮಳೆ ಬೀಳಬೇಕಲ್ಲ. ಹಾಳಾಗಿಹೋಗುತ್ತದಲ್ಲ ಎಂದು ಮರುಗಿದ ಮ್ಯೂಸಿಯಂ ಪಂಡಿತರು ಕಡಿಮೆಯಿರಲಿಲ್ಲ. ಚೌತಿಯ ಗಣಪತಿಯನ್ನು ಕೆರೆಯಿಂದ ಎತ್ತಿ ತಂದು ಒಣಗಿಸಿ ಬಣ್ಣ ಹಚ್ಚಿಟ್ಟರೆ ನಮಗೆ ಹೇಗನ್ನಿಸೀತು ಎಂದು ಅವರಿಗೆ ಹೇಳುವವರಿರಲಿಲ್ಲ.

ಹೇಳದೆ ಇಟ್ಟುಕೊಳ್ಳುವುದು ಎಷ್ಟು ತುಟ್ಟಿಯಾಗಬಹುದು ಎನ್ನುವುದಕ್ಕೂ ಅದೇ ಕಾಲದ ಕತೆಯಿದೆ. ಝೂನಿ ಹೊಳೆ ಲಿಟಲ್ ಕೊಲೊರಾಡೊವನ್ನು ಸೇರುವ ಕಡೆ, ಅರಿಜೋನಾದ ಸೇಂಟ್ ಜಾನ್ಸ್ ಊರಿನ ಆಚೆ, ಕೊಲ್ಹು ವಲಾವ ಇದೆ. ಸತ್ತವರು ಅಲ್ಲಿಯ ಕೆರೆಯ ಕೆಳಗಿನ ಊರು ಸೇರುತ್ತಾರೆ, ಅಲ್ಲಿ ಕುಣಿಯುತ್ತಾರೆ, ಮೋಡವಾಗಿ ಮಳೆಯಾಗಿ ಮೊಮ್ಮಕ್ಕಳ ಹೊಲಕ್ಕೆ ಬರುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಬೇಸಗೆಯ ಸಂಕ್ರಮಣದ ಹೊತ್ತಿಗೆ ಝೂನಿಗಳು ಅಲ್ಲಿಗೆ ಯಾತ್ರೆ ಹೋಗುತ್ತಾರೆ, ಹೋಗಿಬರಲು ಸುಮಾರು 110 ಮೈಲಿಯ ದಾರಿ. 1984ರಲ್ಲಿ ಅಮೆರಿಕದ ಸಂಸತ್ತು ಆ ಜಾಗವನ್ನು ಅವರಿಗೆ ಮರಳಿಸಿತು. ಆದರೆ ದಾರಿಯಲ್ಲಿ ಖಾಸಗಿ ಜಮೀನುಗಳಿದ್ದವು. 1985ರಲ್ಲಿ ಜಮೀನುದಾರನೊಬ್ಬ ಅಡ್ಡ ನಿಂತ. ನ್ಯಾಯಾಲಯದಲ್ಲಿ ಝೂನಿಗಳು, ಈ ದಾರಿಯಲ್ಲಿ ನಾವು ಎಂದಿನಿಂದಲೋ ನಡೆಯುತ್ತಿದ್ದೇವೆ ಎಂದು ರುಜುವಾತು ಮಾಡಬೇಕಾಯಿತು. ಎಲ್ಲಿ ನಿಲ್ಲುತ್ತೀರಿ, ಏನು ಮಾಡುತ್ತೀರಿ, ಏಕೆ? ಹೇಳಿದರೆ ಹೇಳಬಾರದ್ದನ್ನು ಹೇಳಿದ ಹಾಗೆ, ಹೇಳದಿದ್ದರೆ ದಾರಿಯೇ ಇಲ್ಲ. 1990ರಲ್ಲಿ ತೀರ್ಪು ಅವರ ಕಡೆಗಾಯಿತು, ನಡೆಯುವ ಹಕ್ಕು ಸಿಕ್ಕಿತು. ನಾವು ಬಂದದ್ದು ಅದೇ ಸೇಂಟ್ ಜಾನ್ಸಿನ ಮೂಲಕ. ಅವರ ಸ್ವರ್ಗದ ಆಸುಪಾಸಿನಲ್ಲೇ ಗಂಟೆಗೆ ಅರವತ್ತು ಮೈಲಿ ವೇಗದಲ್ಲಿ, ಹಳೆಯ ರಾಜ್‌ಕುಮಾರ್ ಹಾಡು ಹಾಕಿಕೊಂಡು ಹಾದುಬಂದಿದ್ದೇವೆ ಎಂದು ಗೊತ್ತಾದದ್ದು ಮನೆಗೆ ಹೋಗಿ ಭೂಪಟ ನೋಡಿದ ಮೇಲೆ.

ಉಪ್ಪಿನ ಕೆರೆಯದೂ ಹೀಗೆಯೇ. ಊರಿನಿಂದ ಅರವತ್ತು ಮೈಲಿ ದಕ್ಷಿಣಕ್ಕೆ, ಹಳೆಯ ಅಗ್ನಿಪರ್ವತದ ಬಾಯಲ್ಲಿ ನಿಂತ ನೀರು. ಅಲ್ಲಿರುವವಳು ಉಪ್ಪಿನ ತಾಯಿ. ಮೊದಲು ಊರ ಹತ್ತಿರವೇ ಇದ್ದಳಂತೆ, ಜನ ಹೊಲಸು ಮಾಡಿದ್ದಕ್ಕೆ ಮುನಿದು ದೂರ ಹೋದಳು. ಉಪ್ಪಿಗೆ ಬರುವ ಬೇರೆ ಬೇರೆ ಬುಡಕಟ್ಟಿನವರು, ಹೊರಗೆ ಹಗೆಗಳಾಗಿದ್ದರೂ ಅಲ್ಲಿ ಆಯುಧ ಕೆಳಗಿಡಬೇಕು ಎಂಬುದು ಕಟ್ಟಳೆ. ಉಪ್ಪಿನ ಋಣ ಎಂಬ ಮಾತನ್ನು ನೆಲದ ಮೇಲೆ ಗೆರೆ ಎಳೆದು ಪಾಲಿಸಿದವರು. ಅದರ ಹತ್ತಿರ ಕಲ್ಲಿದ್ದಲು ಗಣಿ ತೆಗೆಯುವ ಯೋಜನೆಯೊಂದು 1980ರ ದಶಕದಲ್ಲಿ ಶುರುವಾಗಿ, ವರ್ಷಗಟ್ಟಲೆ ಹೋರಾಟ ನಡೆದು, 2003ರಲ್ಲಿ ಕಂಪನಿಯೇ ಕೈಬಿಟ್ಟಿತು.

ಈಗ ಮಕ್ಕಳ ಬಾಯಲ್ಲಿ ಇಂಗ್ಲಿಷ್ ಹೆಚ್ಚು. ಊರಿನಲ್ಲಿ ನಡೆದಾಡುವಾಗ ಮುದುಕರು ಶಿವಿಮದಲ್ಲಿ ಕೇಳಿದ್ದಕ್ಕೆ ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದನ್ನು ಎರಡು ಮೂರು ಕಡೆ ಕೇಳಿದೆ. ಇದೇನು ನನಗೆ ಹೊಸದಲ್ಲ, ಫೀನಿಕ್ಸಿನ ನಮ್ಮ ಊಟದ ಮೇಜಿನ ಸುತ್ತಲೂ ಇದೇ ನಡೆಯುತ್ತದೆ. 1980ರಿಂದ ಝೂನಿಗಳದೇ ಶಾಲಾ ಜಿಲ್ಲೆ ಇದೆ, ಶಾಲೆಯಲ್ಲಿ ಭಾಷೆ ಕಲಿಸುತ್ತಾರೆ, ರೋಮನ್ ಅಕ್ಷರದಲ್ಲಿ ಬರೆಯುವ ಕ್ರಮವಿದೆ. ಆದರೆ ಇಂಥ ಭಾಷೆಯನ್ನು ಶಾಲೆಯಲ್ಲಿ ಎಷ್ಟು ಕಲಿಸಬಹುದು? ತಕ್ಕ ಎಂದು ಕಪ್ಪು ಹಲಗೆಯ ಮೇಲೆ ಬರೆಯಬಹುದು, ಕೀವಾದ ಮಾತನ್ನು ಬರೆಯಲಾಗದು. ಅದನ್ನು ಕಲಿಯಬೇಕಾದವನು ಕೀವಾಕ್ಕೇ ಹೋಗಬೇಕು. ಅದನ್ನೂ ಅಕ್ಷರಕ್ಕಿಳಿಸಿ ಕಾಪಾಡಿ ಎಂದು ಹೊರಗಿನ ವಿದ್ವಾಂಸರು ಹೇಳಬಹುದು. ನಾನೂ ಒಂದು ಕಾಲದಲ್ಲಿ ಹಾಗೇ ಹೇಳುತ್ತಿದ್ದೆ. ಚಾವಣಿಯಿಲ್ಲದ ಆ ಆವರಣದ ಬಗ್ಗೆ ಓದಿದ ಮೇಲೆ ಅಷ್ಟು ಜೋರಾಗಿ ಹೇಳಲು ಬಾಯಿ ಬರುತ್ತಿಲ್ಲ.

ಹೊರಡುವ ಮುಂಚೆ ಒಂದು ಅಂಗಡಿಗೆ ಹೋದೆವು. ಕಲ್ಲಿನಲ್ಲಿ ಕೆತ್ತಿದ ಚಿಕ್ಕ ಪ್ರಾಣಿಗಳಿಗೆ ಝೂನಿಗಳು ಹೆಸರುವಾಸಿ. ಕರಡಿ, ಬೆಟ್ಟದ ಸಿಂಹ, ಹದ್ದು, ಹೆಬ್ಬೆರಳಿನಷ್ಟೇ ಇದ್ದರೂ ಬೆನ್ನಿನ ತೂಕ ಗೊತ್ತಾಗುವಂಥವು. ನಾನು ಆರಿಸಿದ್ದು ಹಸಿರು ಕಲ್ಲಿನ ಒಂದು ಕಪ್ಪೆ, ಕಣ್ಣಿಗೆ ನೀಲಿ ಪಚ್ಚೆಯ ಚುಕ್ಕೆ. ಅಂಗಡಿಯಲ್ಲಿದ್ದವರು ನನ್ನ ವಯಸ್ಸಿನ ಹೆಂಗಸು. ತಕ್ಕ, ಅಲ್ಲವೇ ಎಂದೆ. ಅವರ ಮುಖ ಅರಳಿತು. ಹೌದು, ತಕ್ಕ, ಎಂದು ನನ್ನ ಉಚ್ಚಾರವನ್ನು ತಿದ್ದಿದರು, ಕ ಇನ್ನೂ ಸ್ವಲ್ಪ ಒತ್ತಬೇಕಿತ್ತು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಅರವತ್ತು ದಾಟಿದರೂ ಹೋಗದ ಹಳೆಯ ಬುದ್ಧಿ. ಪೂಜೆಯಲ್ಲಿ ಇದಕ್ಕೆ ಬೇರೆ ಮಾತಿದೆಯಂತಲ್ಲ, ಎಂದೆ.

ಅವರು ಸಿಟ್ಟಾಗಲಿಲ್ಲ. ಕಪ್ಪೆಯನ್ನು ಹಳೆಯ ಪತ್ರಿಕೆಯ ತುಂಡಿನಲ್ಲಿ ಸುತ್ತಿ, ಅದನ್ನು ಮತ್ತೊಂದು ತುಂಡಿನಲ್ಲಿ ಸುತ್ತಿ, ಚಿಕ್ಕ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. ಆಮೇಲೆ ನನ್ನ ಮುಖ ನೋಡಿ, ದಾರಿಗೆ ಬ್ರೆಡ್ ಕೊಂಡಿರಾ, ಬಿಸಿ ಇರುವಾಗಲೇ ತಿನ್ನಬೇಕು, ಎಂದರು.

ಎಲಹ್ಕ್ವ ಎಂದೆ. ಅವರ ಭಾಷೆಯಲ್ಲಿ ಅದು ಧನ್ಯವಾದ.

ಮೊಬೈಲಿನಲ್ಲಿ ಆ ದಿನದ ಮೂರೇ ಫೋಟೊಗಳಿವೆ. ಒಂದು, ರಸ್ತೆಯಿಂದ ತೆಗೆದ ಬೆಟ್ಟ, ಕಲ್ಲಿನ ಕಂಬಗಳು ಬೆಳಕಿಗೆ ಎದುರಾಗಿ ಸರಿಯಾಗಿ ಬಂದಿಲ್ಲ. ಇನ್ನೊಂದು, ಬಾನೆಟ್ಟಿನ ಮೇಲೆ ಅರ್ಧ ತಿಂದ ಬ್ರೆಡ್. ಮೂರನೆಯದು, ಫೋಟೊ ತೆಗೆಯಲು ಕೊಟ್ಟ ಅನುಮತಿ ಚೀಟಿಯದು.